ಒತ್ತಕ್ಷರಕ್ಕೆ ಜಾಗ ಬಿಡದ ಪುಟ: ಒಂದು ವಿದ್ಯಾರ್ಥಿ ಯೋಜನೆಯ ಪ್ರಕರಣ

ಗ್ರಾಫಿಕ್ ಡಿಸೈನ್ ಪದವಿಯ ಕೊನೆಯ ಸೆಮಿಸ್ಟರಿನಲ್ಲಿ ನಾವೆಲ್ಲ ಒಂದೊಂದು ಪ್ರಕಟಣೆಯನ್ನು ಮೊದಲಿನಿಂದ ಕೊನೆಯವರೆಗೆ ವಿನ್ಯಾಸ ಮಾಡಿ, ಅದು ಪ್ರೆಸ್ಸಿನಿಂದ ಅಚ್ಚಾಗಿ ಹೊರಬರುವ ತನಕ ಬೆನ್ನುಹತ್ತಬೇಕಿತ್ತು. ನನ್ನ ಪಾಲಿಗೆ ಬಂದದ್ದು ಕನ್ನಡ ವಿಭಾಗದ ವಾರ್ಷಿಕ ಸಂಚಿಕೆ. ಕಥೆ, ಪ್ರಬಂಧ, ಕವಿತೆ, ಒಂದು ಸಂದರ್ಶನ, ಎಲ್ಲ ಸೇರಿ 14 ಬರಹಗಳು. ಒಟ್ಟು ಸುಮಾರು 18,000 ಪದ ಆಗಬಹುದು ಎಂದು ಸಂಪಾದಕರಾಗಿದ್ದ ಅಧ್ಯಾಪಕರು ಹೇಳಿದ್ದರು. ಕೈಯಲ್ಲಿದ್ದದ್ದು ಒಂಬತ್ತು ವಾರ. ಪುಟದ ಅಳತೆ 184 × 241 ಮಿ.ಮೀ., ಅಂದರೆ 20 × 30 ಇಂಚಿನ ಹಾಳೆಯನ್ನು ಮೂರು ಸಲ ಮಡಚಿ ಅಂಚು ಕತ್ತರಿಸಿದರೆ ಸಿಗುವ ಪುಟ. ಪುಟಗಳ ಸಂಖ್ಯೆ 64, ಬೈಂಡಿಂಗ್ ಸೆಂಟರ್ ಪಿನ್, ಅಂದರೆ ನಡುವಿನ ಮಡಿಕೆಗೆ ಪಿನ್ ಹೊಡೆಯುವುದು.

ಕೊನೆಗೆ ಅಚ್ಚಾಗಿ ಬಂದದ್ದು 80 ಪುಟದ, ಪರ್ಫೆಕ್ಟ್ ಬೈಂಡಿಂಗ್ (ಬೆನ್ನಿಗೆ ಅಂಟು ಹಾಕುವ ಕಟ್ಟು) ಆದ, ನಾನು ಮೊದಲು ಬರೆದ ಸ್ಕೆಚ್ಚುಗಳಿಗೆ ಹೆಚ್ಚೇನೂ ಸಂಬಂಧವಿಲ್ಲದ ಪುಸ್ತಕ. ಅದು ಹಾಗೆ ಆದದ್ದೇಕೆ ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಮೂಲ ಹುಡುಕುತ್ತ ಹೋದರೆ ಕೈಗೆ ಸಿಗುವುದು ಒಂದು ಸಣ್ಣ ಸಂಗತಿ: ಸಾಲಿನ ಕೆಳಗೆ ಇಳಿಯುವ ಒತ್ತಕ್ಷರ.

ಮೊದಲ ನಾಲ್ಕು ವಾರ

ಬರಹಗಳು ಬರುವುದು ಐದನೇ ವಾರಕ್ಕೆ ಎಂದು ಮೊದಲೇ ಗೊತ್ತಿತ್ತು. ಅಲ್ಲಿಯವರೆಗೆ ಸುಮ್ಮನೆ ಕೂರುವುದೇಕೆ ಎಂದು ಗ್ರಿಡ್ ಹಾಕಿದೆ. ಒಳ ಅಂಚು 20 ಮಿ.ಮೀ., ಹೊರ ಅಂಚು 16, ನಡುವೆ 6 ಮಿ.ಮೀ. ಸಂದು ಬಿಟ್ಟು 71 ಮಿ.ಮೀ. ಅಗಲದ ಎರಡು ಕಾಲಂ. ಮೇಲೆ 18, ಕೆಳಗೆ 23 ಬಿಟ್ಟರೆ ಪಠ್ಯಕ್ಕೆ 200 ಮಿ.ಮೀ. ಎತ್ತರ, ಎಂದರೆ 567 ಪಾಯಿಂಟ್. ತುಂಬಿಸಲು ಪಠ್ಯ ಇಲ್ಲದ್ದರಿಂದ ಎಲ್ಲ ವಿದ್ಯಾರ್ಥಿಗಳೂ ಮಾಡುವುದನ್ನೇ ಮಾಡಿದೆ: ಲ್ಯಾಟಿನ್ ಡಮ್ಮಿ ಪಠ್ಯ ಸುರಿದೆ. 10 ಪಾಯಿಂಟ್ ಅಕ್ಷರ, 12 ಪಾಯಿಂಟ್ ಲೀಡಿಂಗ್, ಅಂದರೆ ಒಂದು ಸಾಲಿನ ಅಡಿಯಿಂದ ಮುಂದಿನ ಸಾಲಿನ ಅಡಿಗೆ ಇರುವ ದೂರ. ಕಾಲಂಗೆ 47 ಸಾಲು, ಸಾಲಿಗೆ ಏಳು ಪದ. ಒಂದು ಪುಟಕ್ಕೆ ಸುಮಾರು 658 ಪದ.

18,000ವನ್ನು 658ರಿಂದ ಭಾಗಿಸಿದರೆ 28 ಪುಟವೂ ಆಗುವುದಿಲ್ಲ. ಉಳಿದ 36 ಪುಟ ನನ್ನವು! ಪ್ರತಿ ಬರಹಕ್ಕೂ ಪೂರ್ತಿ ಪುಟದ ಚಿತ್ರ, ಅದರ ಎದುರು ಬರೀ ಶೀರ್ಷಿಕೆ ಹೊತ್ತ ಪುಟ, ನಡುನಡುವೆ ಉಸಿರಾಡುವ ಬಿಳಿ ಜಾಗ. ಶೀರ್ಷಿಕೆಗಳನ್ನೆಲ್ಲ ಕ್ಯಾಪಿಟಲ್ ಅಕ್ಷರಗಳಲ್ಲಿ, ಅಕ್ಷರಗಳ ನಡುವೆ ಧಾರಾಳ ಅಂತರ ಕೊಟ್ಟು ಇರಿಸಿದ್ದೆ. ಲೇಖಕರ ಹೆಸರು ಇಟಾಲಿಕ್‌ನಲ್ಲಿ. ಪ್ರತಿ ಬರಹದ ಮೊದಲ ಅಕ್ಷರ ಮೂರು ಸಾಲಿನಷ್ಟು ಎತ್ತರದ ಡ್ರಾಪ್ ಕ್ಯಾಪ್. ನಾಲ್ಕನೇ ವಾರದ ರಿವ್ಯೂನಲ್ಲಿ ಇದಕ್ಕೆ ಒಳ್ಳೆಯ ಅಂಕವೂ ಬಂತು. ನನ್ನ ಗೈಡ್ ಮೇಡಂ ಮಾತ್ರ ಹೊರಡುವಾಗ, "ಕನ್ನಡ ಹಾಕಿ ನೋಡಿದೀರಾ?" ಎಂದು ಕೇಳಿದ್ದರು. "ಬಂದ ತಕ್ಷಣ ಹಾಕ್ತೀನಿ ಮೇಡಂ" ಎಂದೆ. ಯಾವುದೋ ಹಳೆಯ ಕನ್ನಡ ಲೇಖನ ತೆಗೆದು ಅವತ್ತೇ ಸುರಿದಿದ್ದರೆ ಹತ್ತು ನಿಮಿಷದ ಕೆಲಸ. ಯಾಕೆ ಮಾಡಲಿಲ್ಲವೆಂದರೆ, ನಿಜ ಹೇಳಬೇಕೆಂದರೆ, ಪುಟ ಚೆನ್ನಾಗಿ ಕಾಣುತ್ತಿತ್ತು. ಕೆಡಿಸಿಕೊಳ್ಳಲು ಮನಸ್ಸಿರಲಿಲ್ಲ.

ಪಠ್ಯ ಬಂದ ದಿನ

ಐದನೇ ವಾರ 14 ಬರಹಗಳೂ ಒಟ್ಟಿಗೆ ಬಂದವು, ಆದರೆ ಒಂದೇ ರೂಪದಲ್ಲಿ ಅಲ್ಲ. ಆರು 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ವರ್ಡ್ ಫೈಲುಗಳು, ಎರಡು 'ಬರಹ' ಎಂಬ ತಂತ್ರಾಂಶದಲ್ಲಿ ಮಾಡಿದವು, ಐದು ಯೂನಿಕೋಡ್, ಒಂದು ಕೈಬರಹದ ಫೋಟೋ.

ಕನ್ನಡದ ಪುಟವಿನ್ಯಾಸಕ್ಕೆ ಕೈಹಾಕಿದವರಿಗೆಲ್ಲ ಇದು ಗೊತ್ತಿರುವ ಗೋಳು. ನುಡಿಯ ಹಳೆಯ ಫಾಂಟುಗಳಲ್ಲಿ ಕನ್ನಡದ ತುಂಡುಗಳು ಕುಳಿತಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಮನೆಗಳಲ್ಲಿ. ಆ ಫಾಂಟ್ ಇರುವವರೆಗೆ ಕನ್ನಡ ಕಾಣುತ್ತದೆ; ಫಾಂಟ್ ಬದಲಿಸಿದ ಕ್ಷಣ ಪುಟದ ತುಂಬ ಯಾವುದೋ ಯುರೋಪಿನ ಭಾಷೆಗೆ ಸಿಡುಬು ಎದ್ದಂತೆ ಚಿಹ್ನೆಗಳು. ಕನ್ವರ್ಟರ್‌ಗೆ ಹಾಕಿ ಯೂನಿಕೋಡ್ ಮಾಡಿದೆ. ಕನ್ನಡವೆಲ್ಲ ಸರಿಯಾಗಿ ಬಂತು. ಆದರೆ ಬರಹದ ನಡುವೆ ಇಂಗ್ಲಿಷ್‌ನಲ್ಲೇ ಇದ್ದ ಹೆಸರುಗಳನ್ನೂ ಕನ್ವರ್ಟರ್ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಮಾಲೆ ಮಾಡಿಟ್ಟಿತ್ತು. ಸಂದರ್ಶನದಲ್ಲಿ ಅಂಥ 23 ಜಾಗ ಸಿಕ್ಕವು.

ಯೂನಿಕೋಡ್‌ನಲ್ಲೇ ಬಂದವು ಶುದ್ಧವಾಗಿರುತ್ತವೆ ಎಂದುಕೊಂಡಿದ್ದು ಇನ್ನೊಂದು ತಪ್ಪು. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ಸೊನ್ನೆಯನ್ನು ಟೈಪ್ ಮಾಡುವವರಿದ್ದಾರೆ. ಅರ್ಕಾವೊತ್ತಿನ ಜಾಗದಲ್ಲಿ ಕನ್ನಡದ ಒಂಬತ್ತನ್ನು ಒತ್ತುವವರೂ ಇದ್ದಾರೆ. "ವರ್ಷ" ಎಂಬುದು "ವಷ೯" ಆಗಿರುತ್ತದೆ. ತೆರೆಯ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುವುದರಿಂದ ಕರಡು ತಿದ್ದುವವರ ಕಣ್ಣಿಗೂ ಬೀಳುವುದಿಲ್ಲ. ಫಾಂಟ್ ಬದಲಾದಾಗ ಮಾತ್ರ ಅಂಕಿ ಅಂಕಿಯಾಗಿಯೇ ಎದ್ದು ನಿಲ್ಲುತ್ತದೆ. ಇನ್ನೂ ಒಂದಿದೆ: "ಕಾಲೇಜ್‌ನಲ್ಲಿ" ಎಂದು ಬಿಡಿಸಿ ನಿಲ್ಲಬೇಕಾದ ಪದದಲ್ಲಿ ಕಣ್ಣಿಗೆ ಕಾಣದ ಒಂದು ತಡೆ ಅಕ್ಷರ ಇರಬೇಕು, ಅದು ಬಿಟ್ಟುಹೋದರೆ ನಕಾರ ಜಕಾರದ ಕೆಳಗೆ ಒತ್ತಾಗಿ ನುಗ್ಗಿ "ಕಾಲೇಜ್ನಲ್ಲಿ" ಆಗುತ್ತದೆ. ಇವುಗಳಲ್ಲಿ ಅಂಕಿಯ ತಪ್ಪುಗಳನ್ನು ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನ ಗ್ರೆಪ್ ಎಂಬ, ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ಸೌಲಭ್ಯದಿಂದ ಹಿಡಿಯಬಹುದು: ಕನ್ನಡ ಅಕ್ಷರಕ್ಕೆ ಅಂಟಿಕೊಂಡ ಕನ್ನಡ ಸೊನ್ನೆಯನ್ನೋ ಒಂಬತ್ತನ್ನೋ ಹುಡುಕು ಎಂದು ಹೇಳಿದರಾಯಿತು. ಸೊನ್ನೆಯನ್ನು ಒಂದೇ ಏಟಿಗೆ ಬದಲಿಸಬಹುದು. ಒಂಬತ್ತನ್ನು ಹಾಗೆ ನೇರವಾಗಿ ಬದಲಿಸಲಾಗದು, ಅರ್ಕಾವೊತ್ತು ಬರೆಯುವಾಗ ವ್ಯಂಜನದ ನಂತರ, ಉಚ್ಚಾರದಲ್ಲಿ ಮತ್ತು ಯೂನಿಕೋಡ್‌ನಲ್ಲಿ ಅದರ ಮೊದಲು. ಒಂದೊಂದನ್ನೂ ಕೈಯಿಂದಲೇ ತಿದ್ದಿದೆ. ಮೂರು ದಿನ ಹೋಯಿತು.

ಸ್ವಚ್ಛವಾದ ಪಠ್ಯವನ್ನು ಪುಟಕ್ಕೆ ಸುರಿದಾಗ ಒತ್ತಕ್ಷರಗಳೇ ಕೂಡಿಕೊಳ್ಳಲಿಲ್ಲ. "ಅಮ್ಮ" ಎಂಬುದು ಅಮ್ ಮ ಆಗಿ ಬಿಡಿಬಿಡಿಯಾಗಿ ನಿಂತಿತು. ಫಾಂಟ್ ಕೆಟ್ಟಿದೆ ಎಂದುಕೊಂಡು ಮೂರು ಫಾಂಟ್ ಬದಲಿಸಿ ನೋಡಿದೆ. ದೋಷ ಫಾಂಟಿನದಲ್ಲ. ಇನ್‌ಡಿಸೈನ್ ಮಾಮೂಲಿಯಾಗಿ ಬಳಸುವ ಪ್ಯಾರಾಗ್ರಾಫ್ ಕಂಪೋಸರ್‌ಗೆ ಭಾರತೀಯ ಲಿಪಿಗಳನ್ನು ಜೋಡಿಸಲು ಬರುವುದಿಲ್ಲ. ಪ್ಯಾರಾಗ್ರಾಫ್ ಸ್ಟೈಲಿನಲ್ಲಿ ಅದನ್ನು ವರ್ಲ್ಡ್-ರೆಡಿ ಕಂಪೋಸರ್‌ಗೆ ಬದಲಿಸಬೇಕು. ಸಹಪಾಠಿಯೊಬ್ಬ, ಬೇರೆ ತಂತ್ರಾಂಶದಲ್ಲಿ ಟೈಪ್ ಮಾಡಿ ಔಟ್‌ಲೈನ್ ಮಾಡಿ ತಂದು ಅಂಟಿಸು ಎಂದ. ಪೋಸ್ಟರಿನ ಒಂದು ಸಾಲಿಗಾದರೆ ಸರಿ. 18,000 ಪದಗಳನ್ನು ಚಿತ್ರ ಮಾಡಿಟ್ಟುಕೊಂಡರೆ ಆಮೇಲೆ ಒಂದು ಕಾಗುಣಿತ ತಿದ್ದುವುದಕ್ಕೂ ಗತಿಯಿಲ್ಲ.

47 ಸಾಲು 33 ಆದದ್ದು

ಅಕ್ಷರಗಳು ಕೂಡಿಕೊಂಡವು. ಆಗ ಕಂಡದ್ದೇ ಮುಖ್ಯ ಸಮಸ್ಯೆ.

ಕನ್ನಡದ ಒಂದು ಸಾಲು ಮೂರು ಅಂತಸ್ತಿನದು. ನಡುವೆ ಅಕ್ಷರದ ಒಡಲು, ಮೇಲೆ ತಲಕಟ್ಟು ಗುಡಿಸು, ಕೆಳಗೆ ಒತ್ತು. "ರಾಷ್ಟ್ರ", "ಸ್ತ್ರೀ", "ಲಕ್ಷ್ಮಿ" ಬಂದರೆ ಕೆಳಗಿನ ಅಂತಸ್ತು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. 12 ಪಾಯಿಂಟ್ ಲೀಡಿಂಗ್‌ನಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನೊಳಗೆ ಹೊಕ್ಕು ಕುಳಿತಿತ್ತು. ಒಂದು ಪುಟದಲ್ಲಿ ಎಣಿಸಿದೆ: 19 ಡಿಕ್ಕಿ. ಅಚ್ಚುಮೊಳೆಯ ಕಾಲದಲ್ಲಿ ಈ ಅವಘಡ ಆಗುತ್ತಿರಲಿಲ್ಲ. ಸೀಸದ ಮೈಯೇ ಎರಡು ಸಾಲಿನ ನಡುವೆ ಗೋಡೆಯಾಗಿ ನಿಂತಿರುತ್ತಿತ್ತು. ಕಂಪ್ಯೂಟರ್ ಎಷ್ಟು ಕೇಳಿದರೆ ಅಷ್ಟು ಹತ್ತಿರ ತಂದುಕೊಡುತ್ತದೆ, ಎಚ್ಚರಿಸುವುದಿಲ್ಲ.

ಕನ್ನಡಕ್ಕೆ 10 ಪಾಯಿಂಟ್ ಚಿಕ್ಕದೆನಿಸಿ 11 ಮಾಡಿಕೊಂಡೆ. ಡಿಕ್ಕಿ ನಿಲ್ಲುವವರೆಗೆ ಲೀಡಿಂಗ್ ಏರಿಸುತ್ತ ಹೋದರೆ ಅದು ನಿಂತದ್ದು 17ಕ್ಕೆ. 567 ಪಾಯಿಂಟ್ ಎತ್ತರದಲ್ಲಿ 17ರಂತೆ 33 ಸಾಲು. ಸಾಲಿಗೆ ಏಳು ಪದ ಎಂದುಕೊಂಡಿದ್ದಲ್ಲಿ ನಾಲ್ಕು. ಯಾಕೆಂದರೆ ಇಂಗ್ಲಿಷ್ ನಾಲ್ಕು ತುಂಡಾಗಿ ಹೇಳುವುದನ್ನು ಕನ್ನಡ ಪ್ರತ್ಯಯ ಹಚ್ಚಿ ಹಚ್ಚಿ ಒಂದೇ ಪದ ಮಾಡುತ್ತದೆ. "ಹೋಗಬೇಕಾಗಿತ್ತೆನ್ನುವುದನ್ನು" ಎಂಬುದು ಕಾಲಮ್ಮಿನ ಅರ್ಧ ಅಗಲ ನುಂಗಿತು.

33 ಸಾಲು, ಎರಡು ಕಾಲಂ, ನಾಲ್ಕು ಪದ: ಪುಟಕ್ಕೆ 264. ಎರಡು ಪುಟ ಎಂದು ಗುರುತು ಹಾಕಿಟ್ಟಿದ್ದ 1,200 ಪದದ ಪ್ರಬಂಧ ನಾಲ್ಕೂವರೆ ಪುಟ ತಿಂದಿತು. 18,000 ಪದಕ್ಕೆ 68 ಪುಟ, ಚಿತ್ರ ಇಲ್ಲದೆ, ಶೀರ್ಷಿಕೆ ಇಲ್ಲದೆ, ಪರಿವಿಡಿ ಇಲ್ಲದೆ. ಇದ್ದದ್ದು 64. ಆ ರಾತ್ರಿ ನಾನು ಭಾಗಾಕಾರವನ್ನೇ ನಾಲ್ಕು ಸಲ ಮಾಡಿದೆ, ಎಲ್ಲಾದರೂ ತಪ್ಪಿರಬಹುದೆಂದು.

ಮಾಡಿ ಬಿಟ್ಟ ಪ್ರಯತ್ನಗಳು

ಮೊದಲ ಉಪಾಯ ಅಕ್ಷರ ಕುಗ್ಗಿಸುವುದು. 9 ಪಾಯಿಂಟಿಗೆ ಇಳಿಸಿದರೆ 64ರೊಳಗೆ ಹೇಗೋ ತುರುಕಬಹುದಿತ್ತು. ತೆರೆಯ ಮೇಲೆ ಹಿಗ್ಗಿಸಿ ನೋಡುವಾಗ ಯಾವ ಗಾತ್ರವೂ ಚೆನ್ನ. ಕಾಗದದ ಮೇಲೆ ನಿಜ ಅಳತೆಯಲ್ಲಿ ಮುದ್ರಿಸಿ ಸಂಪಾದಕರ ಕೈಗೆ ಕೊಟ್ಟೆ. ಅವರು ಕನ್ನಡಕವನ್ನು ಹಣೆಗೆ ಏರಿಸಿ, ಹಾಳೆಯನ್ನು ಮೂಗಿನ ಹತ್ತಿರ ತಂದು, ಎರಡು ಸಾಲು ಓದಿ, "ಒತ್ತು ಯಾವುದು ಅಂತ ಕಾಣ್ತಿಲ್ಲಮ್ಮ" ಎಂದರು. ಪಕಾರಕ್ಕೆ ತಕಾರವೋ ರಕಾರವೋ ಎಂಬುದು ಸಂದರ್ಭದಿಂದ ಊಹಿಸಬೇಕಾದರೆ ಅದು ಓದಲ್ಲ.

ಎರಡನೆಯದು ಅಗಲ ಕುಗ್ಗಿಸುವುದು. ಅನೇಕ್ ಕನ್ನಡ ಎಂಬ ಫಾಂಟ್ ಕುಟುಂಬದಲ್ಲಿ ಅಕ್ಷರದ ದಪ್ಪದ ಜೊತೆಗೆ ಅಗಲವನ್ನೂ ಬೇಕಾದಷ್ಟು ಹಿಗ್ಗಿಸಿ ಕುಗ್ಗಿಸಲು ಬರುತ್ತದೆ. ಕಂಡೆನ್ಸ್ಡ್ ರೂಪದಲ್ಲಿ ಸಾಲಿಗೆ ಐದೂವರೆ ಪದ ಕೂತವು. ಆಸೆಯಾಯಿತು. ಆದರೆ ಕನ್ನಡದ ಚಂದವೆಲ್ಲ ಇರುವುದು ದುಂಡಿನಲ್ಲಿ. ಪುಟಗಟ್ಟಲೆ ಕುಗ್ಗಿದ ಅಕ್ಷರ ಓದಿದರೆ ಕಣ್ಣು ದಣಿಯುತ್ತದೆ. ಅದನ್ನು ಶೀರ್ಷಿಕೆಗೆ ಇಟ್ಟುಕೊಂಡು, ಪಠ್ಯಕ್ಕೆ ನೋಟೋ ಸೆರಿಫ್ ಕನ್ನಡವನ್ನೇ ಉಳಿಸಿಕೊಂಡೆ.

ಮೂರನೆಯದು ಬರಹಗಳನ್ನು ಕಡಿಮೆ ಮಾಡುವುದು. ಕೇಳಿದೆ. ಸಂಪಾದಕರು ಉತ್ತರ ಕೊಡಲಿಲ್ಲ, ಚಹಾ ತರಿಸಿದರು. ಅರ್ಥವಾಯಿತು.

ಕೊನೆಗೆ ಇಂಚಿಂಚು ಚೌಕಾಸಿ. 10.5 ಪಾಯಿಂಟಿಗೆ 16 ಪಾಯಿಂಟ್ ಲೀಡಿಂಗ್. ಕಾಲಂಗೆ 35 ಸಾಲು, ಪುಟಕ್ಕೆ ಸುಮಾರು 294 ಪದ, ಒಟ್ಟು 61ರಿಂದ 62 ಪುಟ ಪಠ್ಯ. ಎರಡು ಅಂತಸ್ತಿನ ಒತ್ತುಗಳಲ್ಲಿ ಅಲ್ಲೊಂದು ಇಲ್ಲೊಂದು ಇನ್ನೂ ತಾಗುತ್ತಿದ್ದವು. ಆ ಸಾಲುಗಳನ್ನು ಪದಗಳ ನಡುವಿನ ಅಂತರ ಹೊಂದಿಸಿ ಪಕ್ಕಕ್ಕೆ ಸರಿಸಿದೆ. ಎರಡೂ ಅಂಚಿಗೆ ಸಮ ಮಾಡಿದ ಜಸ್ಟಿಫೈ ಜೋಡಣೆಯನ್ನು ಬಿಟ್ಟೆ. ಸಾಲಿಗೆ ನಾಲ್ಕೇ ಪದ ಇರುವಲ್ಲಿ ಜಸ್ಟಿಫೈ ಮಾಡಿದರೆ ಪದಗಳ ನಡುವೆ ಹಳ್ಳ ಬೀಳುತ್ತದೆ, ಆ ಹಳ್ಳಗಳು ಸಾಲಿನಿಂದ ಸಾಲಿಗೆ ಕೂಡಿ ಪುಟದ ಮೇಲಿಂದ ಕೆಳಗೆ ಹರಿಯುತ್ತವೆ. ಎಡಕ್ಕೆ ಸಮ, ಬಲಕ್ಕೆ ಏರುಪೇರು. "ಇದು ಅಚ್ಚುಕಟ್ಟಾಗಿಲ್ಲ" ಎಂದು ಸಂಪಾದಕರು ಗೊಣಗಿದರೂ, ಎರಡೂ ಮುದ್ರಿಸಿ ಪಕ್ಕಪಕ್ಕ ಇಟ್ಟ ಮೇಲೆ ಒಪ್ಪಿದರು.

61 ಪುಟ ಪಠ್ಯ, ಮುಂದೆ ಹಿಂದೆ ಬೇಕಾದದ್ದು, ಕಡಿಮೆ ಮಾಡಿಕೊಂಡ ಚಿತ್ರಗಳು. ನನ್ನ ಲೆಕ್ಕಕ್ಕೆ 74 ಬಂತು. ಪ್ರೆಸ್ಸಿಗೆ ಹೋದೆ.

"ಎಷ್ಟು ಪೇಜು?"

"74 ಸರ್."

"74 ಆಗಲ್ಲಮ್ಮ. 64 ಇಲ್ಲಾ 80. ಯಾವುದು?"

ಒಂದು ಹಾಳೆಗೆ ಎರಡೂ ಕಡೆ ಸೇರಿ 16 ಪುಟ, ಅದು ಒಂದು ಫಾರಂ. ನಾಲ್ಕು ಫಾರಂಗೆ 64, ಐದಕ್ಕೆ 80. ಅರ್ಧ ಫಾರಂ ಹಾಕಿ 72 ಮಾಡಬಹುದಿತ್ತು, ಅದೂ ನನಗೆ ಎರಡು ಪುಟ ಕಡಿಮೆ. 80 ಎಂದೆ. ಕಳೆದುಕೊಂಡಿದ್ದರಲ್ಲಿ ಆರು ಪುಟ ಹಾಗೆ ವಾಪಸ್ಸು ಬಂತು, ಬಿಳಿ ಜಾಗವಾಗಿ.

80 ಆದ ಮೇಲೆ

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. 90 ಜಿಎಸ್‌ಎಂ (ಚದರ ಮೀಟರಿಗೆ 90 ಗ್ರಾಂ ತೂಗುವ) ಕಾಗದದಲ್ಲಿ 80 ಪುಟಕ್ಕೆ ನಡುವೆ ಪಿನ್ ಹೊಡೆದರೆ ಪುಸ್ತಕ ಬಾಯಿ ಮುಚ್ಚುವುದಿಲ್ಲ ಎಂದರು ಪ್ರೆಸ್ಸಿನವರು. ಅಲ್ಲದೆ ಒಂದರೊಳಗೊಂದು ಸೇರಿಸಿದ 20 ಹಾಳೆಗಳಲ್ಲಿ ಒಳಗಿನವು ಹೊರಕ್ಕೆ ತಳ್ಳಿಕೊಂಡು ಬರುತ್ತವೆ. ಕಾಗದ 0.11 ಮಿ.ಮೀ. ದಪ್ಪ ಎಂದುಕೊಂಡರೂ ನಡುವಿನ ಹಾಳೆ ಎರಡು ಮಿ.ಮೀ. ಮುಂದೆ ಬಂದಿರುತ್ತದೆ; ಕಟಿಂಗ್ ಮಾಡಿದಾಗ ಆ ಎರಡು ಮಿ.ಮೀ. ಹೋಗುತ್ತದೆ. ನನ್ನ ಪುಟಸಂಖ್ಯೆಗಳೆಲ್ಲ ಹೊರ ಅಂಚಿಗೇ ಅಂಟಿಕೊಂಡು ನಿಂತಿದ್ದವು.

ಹಾಗಾಗಿ ಪರ್ಫೆಕ್ಟ್ ಬೈಂಡಿಂಗ್. ಅದರಲ್ಲಿ ಹಾಳೆಗಳ ಬೆನ್ನನ್ನು ಕೊರೆದು ಅಂಟು ಹಾಕುತ್ತಾರೆ. ಪಿನ್ ಹೊಡೆದ ಪುಸ್ತಕದ ಹಾಗೆ ಅದು ಚಪ್ಪಟೆಯಾಗಿ ತೆರೆದುಕೊಳ್ಳುವುದಿಲ್ಲ. ಒಳ ಅಂಚಿನ ಪದಗಳು ಮಡಿಕೆಯೊಳಗೆ ಹೋಗುತ್ತವೆ. ಒಳ ಅಂಚನ್ನು 20ರಿಂದ 22ಕ್ಕೆ ಏರಿಸಲೇಬೇಕಾಯಿತು. ಆ ಎರಡು ಮಿ.ಮೀ. ಕಾಲಮ್ಮಿನಿಂದ ತೆಗೆದರೆ ಸಾಲಿಗೆ ನಾಲ್ಕು ಪದವೂ ಕೂರದೆ ಪುಟಗಳು ಮತ್ತೆ ಬೆಳೆಯುತ್ತವೆ, ಲೆಕ್ಕ ಮೊದಲಿಗೇ ಬರುತ್ತದೆ. ಹೊರ ಅಂಚನ್ನು 14ಕ್ಕೆ ಇಳಿಸಿದೆ. ಪುಟಸಂಖ್ಯೆಗೆ ಅಲ್ಲಿ ಜಾಗ ಸಾಲದೆ ಪುಟದ ಅಡಿಗೆ ಇಳಿಯಿತು. ಎರಡು ಪುಟಕ್ಕೆ ಹರಡಿದ್ದ ಒಂದು ಛಾಯಾಚಿತ್ರದಲ್ಲಿ ಮುಖ ಸರಿಯಾಗಿ ಮಡಿಕೆಯಲ್ಲೇ ಇತ್ತು. ಅದು ಒಂದೇ ಪುಟಕ್ಕೆ ಬಂತು. ಒಂದು ಒತ್ತು ಸಾಲನ್ನು ತಳ್ಳಿ, ಸಾಲು ಪುಟವನ್ನು ತಳ್ಳಿ, ಪುಟ ಫಾರಂ ಅನ್ನು, ಫಾರಂ ಬೈಂಡಿಂಗನ್ನು, ಬೈಂಡಿಂಗ್ ಅಂಚನ್ನು, ಅಂಚು ತಿರುಗಿ ಸಾಲನ್ನು.

ಬೈಂಡಿಂಗ್ ಬದಲಾದಾಗ ಪುಸ್ತಕಕ್ಕೆ ಬೆನ್ನೊಂದು ಹುಟ್ಟಿತು. ಮಡಿಕೆ ಕತ್ತರಿಸಿ ಬಿಡಿಯಾದ 40 ಹಾಳೆಗೆ ನಾಲ್ಕೂವರೆ ಮಿ.ಮೀ. ಆಚೀಚೆ ಒಂದೊಂದು ಮಿ.ಮೀ. ಜರುಗುವ ಸಂಭವಕ್ಕೆ ಬಿಟ್ಟರೆ ಎರಡೂವರೆ ಮಿ.ಮೀ. ಉಳಿಯಿತು, ಅದರಲ್ಲಿ ಸಂಚಿಕೆಯ ಹೆಸರು ಅದರ ಒತ್ತಕ್ಷರದ ಸಮೇತ ಕೂರಬೇಕು. ಇಂಗ್ಲಿಷ್ ಹೆಸರಾಗಿದ್ದರೆ ಕ್ಯಾಪಿಟಲ್‌ನಲ್ಲಿ ಕೂರಿಸಿಬಿಡುತ್ತಿದ್ದೆ. ಬೆನ್ನನ್ನು ಖಾಲಿ ಬಿಟ್ಟು, ಮುಂಪುಟದ ಬಣ್ಣವನ್ನೇ ಹಿಂದಕ್ಕೂ ಸುತ್ತಿಸಿದೆ. ಬಣ್ಣದ ಗಡಿ ಮಡಿಕೆಯ ಮೇಲೆ ಬಂದರೆ ಒಂದು ಕೂದಲೆಳೆ ಜರುಗಿದರೂ ಗೊತ್ತಾಗುತ್ತದೆ.

ಶೀರ್ಷಿಕೆಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕನ್ನಡಕ್ಕೆ ಕ್ಯಾಪಿಟಲ್ ಇಲ್ಲ. ಓರೆ ಅಕ್ಷರದ ರೂಢಿಯಿಲ್ಲ. ಅಕ್ಷರಗಳ ನಡುವೆ ಅಂತರ ಹೆಚ್ಚಿಸಿದರೆ ದೀರ್ಘದ ಕೊಕ್ಕೆ ತನ್ನ ಅಕ್ಷರ ಬಿಟ್ಟು ದೂರ ಹೋಗಿ ಅನಾಥವಾಗಿ ನಿಲ್ಲುತ್ತದೆ. ಡ್ರಾಪ್ ಕ್ಯಾಪ್‌ಗೆ ಸಿಕ್ಕ ಮೊದಲ ಪದವೇ "ಸ್ಥಳ". ಥಕಾರದ ಒತ್ತು ಮೂರನೇ ಸಾಲು ದಾಟಿ ನಾಲ್ಕನೆಯದರ ಮೇಲೆ ಕೂತಿತು. ನಾಲ್ಕು ವಾರದ ನನ್ನ ಸ್ಟೈಲ್‌ಶೀಟಿನಲ್ಲಿ ಉಳಿದದ್ದು ದಪ್ಪ, ಗಾತ್ರ, ಬಣ್ಣ ಮತ್ತು ಜಾಗ. ಅಷ್ಟೇ ಸಾಕಾಯಿತು, ಬಹುಶಃ ಮೊದಲಿಗಿಂತ ಚೆನ್ನಾಗಿಯೂ ಇತ್ತು.

ಪ್ರೆಸ್ಸಿನಲ್ಲಿ

ಪಿಡಿಎಫ್ ಕೊಟ್ಟ ಮರುದಿನ ಫೋನ್ ಬಂತು: ಪಠ್ಯದ ಕಪ್ಪು ನಾಲ್ಕೂ ಬಣ್ಣದಲ್ಲಿದೆ. ವರ್ಡ್‌ನಿಂದ ತಂದ ಪಠ್ಯದ ಜೊತೆ ಅದರ ತೆರೆಯ ಬಣ್ಣದ, ಅಂದರೆ ಆರ್‌ಜಿಬಿ ಕಪ್ಪೂ ಬಂದಿತ್ತು. ಅಚ್ಚಿನ ನಾಲ್ಕು ಬಣ್ಣಗಳಾದ ಸಿಎಂವೈಕೆಗೆ ಬದಲಾದಾಗ ಅದು ಬಣ್ಣಕ್ಕೊಂದರಂತೆ ಇರುವ ನಾಲ್ಕು ಪ್ಲೇಟಿಗೆ ಹಂಚಿಹೋಗಿತ್ತು. ಪ್ಲೇಟುಗಳು ಎಳೆಯಷ್ಟು ಜರುಗಿದರೂ ಸಾಕು, ಒತ್ತುಗಳ ಸುತ್ತ ಬಣ್ಣದ ನೆರಳು. ಬಣ್ಣಗಳನ್ನು ಬಿಡಿಬಿಡಿಯಾಗಿ ತೋರಿಸುವ ಸೆಪರೇಷನ್ಸ್ ಪ್ರಿವ್ಯೂ ತೆರೆದು ಕಪ್ಪನ್ನು ಮರೆಮಾಡಿ ಒಂದು ಸಲ ನೋಡಿದ್ದರೆ ನನಗೇ ಕಾಣುತ್ತಿತ್ತು. ಎಲ್ಲ ಸ್ಟೈಲುಗಳನ್ನೂ ಒಂದೇ ಕಪ್ಪಿಗೆ ತಂದು ಮತ್ತೆ ಕಳಿಸಿದೆ. ಚಿತ್ರಗಳಲ್ಲಿ ಎರಡು ವಾಟ್ಸ್‌ಆ್ಯಪ್‌ನಲ್ಲಿ ಬಂದು 1,280 ಪಿಕ್ಸೆಲ್‌ಗೆ ಇಳಿದಿದ್ದವು. ಪುಟದ ಅಗಲಕ್ಕೆ ಎಳೆದರೆ ಇಂಚಿಗೆ 177 ಪಿಕ್ಸೆಲ್; ಬೇಕಾದದ್ದು 300. ಒಂದರ ಮೂಲ ಫೈಲ್ ಸಿಕ್ಕಿತು. ಇನ್ನೊಂದನ್ನು ಕಾಲಂ ಅಗಲಕ್ಕೆ ಇಳಿಸಿದೆ.

ಸಂಚಿಕೆ ಒಂಬತ್ತನೇ ವಾರದ ಕೊನೆಗೆ ಬಂತು. ಓದಲು ಆರಾಮಾಗಿದೆ ಎಂದು ಸಂಪಾದಕರು ಹೇಳಿದರು. ವಿನ್ಯಾಸ ಚೆನ್ನಾಗಿದೆ ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಮೌಲ್ಯಮಾಪನದಲ್ಲಿ ನಾಲ್ಕನೇ ವಾರಕ್ಕಿಂತ ಕಡಿಮೆ ಅಂಕ ಬಂತು. ಪುಟಗಳು ತುಸು ಒತ್ತಾಗಿವೆ ಎಂಬುದು ಆಕ್ಷೇಪ. 294 ಪದದ ಪುಟ ಒತ್ತಾಗಿದೆ ಎಂದವರು 658 ಪದದ ಡಮ್ಮಿ ಪುಟವನ್ನು ಹೊಗಳಿದ್ದು ನೆನಪಾಗಿ ನಗು ಬಂತು. ಆದರೂ ಅವರು ಹೇಳಿದ್ದು ತಪ್ಪಲ್ಲ. ಸಂದರ್ಶನದ ಪುಟಗಳನ್ನು ಈಗ ನೋಡಿದರೆ ನನಗೂ ಹಾಗೇ ಅನಿಸುತ್ತದೆ. ಅಲ್ಲಿ ಒಂದೇ ಕಾಲಂ ಮಾಡಬೇಕಿತ್ತು.

ಸಂಚಿಕೆ ಹಂಚುವ ಹಿಂದಿನ ದಿನ ಗೆಳತಿಯೊಬ್ಬಳು ಪರಿವಿಡಿ ನೋಡಿ ತನ್ನ ಕವಿತೆ ಹುಡುಕಿದಳು. 52ರಲ್ಲಿ ಇರಲಿಲ್ಲ. 54ರಲ್ಲಿತ್ತು. ಪರಿವಿಡಿಯನ್ನು ತಂತ್ರಾಂಶದಿಂದ ಮಾಡಿಸದೆ ಕೈಯಿಂದ ಟೈಪ್ ಮಾಡಿದ್ದೆ, ಕೊನೆಯ ಬದಲಾವಣೆಯ ನಂತರ ಮೂರು ಬರಹಗಳ ಪುಟಸಂಖ್ಯೆ ತಿದ್ದಿರಲಿಲ್ಲ. ಒಂದು ಚಿತ್ರದ ಅಡಿಬರಹದಲ್ಲಿ ಒಂಬತ್ತೊಂದು ಅರ್ಕಾವೊತ್ತಿನ ವೇಷದಲ್ಲಿ ಉಳಿದುಕೊಂಡಿತ್ತು. ತಪ್ಪೋಲೆ, ಅಂದರೆ ತಿದ್ದುಪಡಿಯ ಚೀಟಿ, ಹಾಕುವುದೆಂದಾಯಿತು. ಸಂಪಾದಕರು ನಾಲ್ಕು ಸಾಲನ್ನು ಚೀಟಿಯಲ್ಲಿ ಬರೆದುಕೊಟ್ಟರು. ನಾನು ಮೊದಲು ಅದನ್ನು 10.5ಕ್ಕೆ 16ರಂತೆ ಟೈಪ್ ಮಾಡಿ, ಅತಿ ಕೆಳಗಿಳಿದ ಒತ್ತಿನವರೆಗೆ ಅಳೆದು, ಆಮೇಲೆ ಕಾಗದದ ಅಳತೆ ಹೇಳಿದೆ.